ಇಂಚು-ಎಂಎಂ ಜೋಡಿ ಟೇಪು: ಸೈಟಿಗೆ ಸರಿ, ಕಟಿಂಗ್ ಟೇಬಲ್ಲಿಗೆ ಬೇಡ

ಹಾರ್ಡ್‌ವೇರ್ ಅಂಗಡಿಯಲ್ಲಿ ಟೇಪು ಕೇಳಿದರೆ ಸಾಮಾನ್ಯವಾಗಿ ಕೈಗೆ ಕೊಡುವುದು ಒಂದೇ ಮಾಲು: 5 ಮೀಟರ್ ಉದ್ದ, 19 ಎಂಎಂ ಅಗಲದ ಪಟ್ಟಿ, ಮೇಲಂಚಿಗೆ ಇಂಚು, ಕೆಳಂಚಿಗೆ ಸೆಂಟಿಮೀಟರ್. ಪ್ಲೈವುಡ್ಡಿನಲ್ಲಿ ಕಪಾಟು, ಅಡುಗೆಮನೆ ಡ್ರಾಯರ್ ಮಾಡುವವರ ಕಣ್ಣಿನಿಂದ ಇದನ್ನು ನೋಡೋಣ.

ಒಳ್ಳೆಯದು ಮೊದಲು. ಮನೆಯವರು ಅಡಿ-ಇಂಚಿನಲ್ಲಿ ಮಾತಾಡುತ್ತಾರೆ, ಬಡಗಿ ನೂಲಿನ (ಇಂಚಿನ ಎಂಟನೇ ಒಂದು ಪಾಲು) ಲೆಕ್ಕ ಹೇಳುತ್ತಾರೆ, ಫಿಟ್ಟಿಂಗ್ ಡಬ್ಬದ ಮೇಲೆ ಎಂಎಂ ಅಚ್ಚಾಗಿರುತ್ತದೆ. 1956ರ ಕಾಯ್ದೆ ಮೆಟ್ರಿಕ್ ಪದ್ಧತಿ ತಂದು ಇಷ್ಟು ವರ್ಷವಾದರೂ ಪ್ಲೈವುಡ್ ಇನ್ನೂ ಅಡಿ ಲೆಕ್ಕದ 'ಎಂಟು-ನಾಲ್ಕು' ಹಾಳೆಯೇ. ಗೋಡೆ ಅಳೆದು ಮನೆಯವರಿಗೆ 'ಏಳಡಿ ಎರಡಿಂಚು' ಎಂದು ಹೇಳಿ, ಅದೇ ಗೆರೆ ನೋಡಿ ಪುಸ್ತಕದಲ್ಲಿ 2184 ಎಂದು ಬರೆದುಕೊಳ್ಳಲು ಈ ಟೇಪಿನಷ್ಟು ಸಲೀಸು ಬೇರೆ ಇಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಪಟ್ಟಿ ಪೂರ್ತಿ ಎಳೆದು ನೋಡಿ. ಇಂಚು ಎಂದರೆ ಸರಿಯಾಗಿ 25.4 ಎಂಎಂ. ಹಾಗಾಗಿ ಪ್ರತಿ 5 ಇಂಚಿಗೆ ಎರಡೂ ಅಂಚಿನ ಗೆರೆಗಳು ಎದುರುಬದುರು ಬರಲೇಬೇಕು: 5 ಇಂಚಿಗೆ 127, 50ಕ್ಕೆ 1270, 100ಕ್ಕೆ 2540. ಅರ್ಧ ಎಂಎಂ ಜರುಗಿದ್ದರೂ ಆ ಟೇಪನ್ನು ವಾಪಸ್ ಕೊಡಿ. ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುವುದು ದೋಷವಲ್ಲ. ಅದು ತನ್ನ ದಪ್ಪದಷ್ಟೇ ಜರುಗಬೇಕು. ಆಗ ಹಲಗೆಯ ತುದಿಗೆ ಸಿಕ್ಕಿಸಿ ಎಳೆದರೂ, ಗೋಡೆಗೆ ಒತ್ತಿ ಹಿಡಿದರೂ ಅಳತೆ ಒಂದೇ ಬರುತ್ತದೆ. ಪಟ್ಟಿಯ ಮೇಲೆ ನಿಖರತೆಯ ದರ್ಜೆ ರೋಮನ್ ಅಂಕಿಯಲ್ಲಿ ಎರಡು (II) ಎಂದಿದ್ದರೆ 5 ಮೀಟರಿಗೆ 1.3 ಎಂಎಂ ಹೆಚ್ಚುಕಡಿಮೆ ಇರಬಹುದು, ಒಂದು ಎಂದಿದ್ದರೆ 0.6. ಒಂದು ಕಪಾಟನ್ನು ಮೊದಲಿಂದ ಕೊನೆವರೆಗೆ ಒಂದೇ ಟೇಪಿನಲ್ಲಿ ಅಳೆಯಬೇಕು ಅನ್ನುವುದು ಇದಕ್ಕೇ.

ತೊಂದರೆ ಶುರುವಾಗುವುದು ಅಳತೆಯನ್ನು ಇಂಚಿನಲ್ಲಿ ಹಿಡಿದು ಎಂಎಂ ಸಾಮಾನು ಕೂರಿಸುವಾಗ. ಒಂದು ನೂಲು ಅಂದರೆ 3.175 ಎಂಎಂ. ಅದನ್ನು ಬಾಯಿಲೆಕ್ಕದಲ್ಲಿ 3 ಎಂದು ಹಿಡಿದರೆ ಏಳು ನೂಲಿಗೇ 1.2 ಎಂಎಂ ತಪ್ಪುತ್ತದೆ. 'ಎರಡಡಿ' ಎಂದು ಬಿಟ್ಟ ಜಾಗ 610 ಎಂಎಂ, ಅಲ್ಲಿ ಕೂರುವ ಸಾಮಾನು 600. ಪ್ಲೈವುಡ್ಡನ್ನು 'ಮುಕ್ಕಾಲು ಇಂಚು' ಎಂದುಕೊಂಡರೆ 19.05, ನಿಜದಲ್ಲಿ ಅದು 18. ಮೂರಡಿ ಕಪಾಟಿನಲ್ಲಿ ಎರಡು ಬದಿಯ ದಪ್ಪ ಕಳೆದು ಶೆಲ್ಫ್ ಕತ್ತರಿಸಿದಾಗ ಅದು 2 ಎಂಎಂ ಗಿಡ್ಡವಾಗಿ ಕೂರುತ್ತದೆ.

ಇದೆಲ್ಲದರ ಬಿಸಿ ಜಾಸ್ತಿ ತಟ್ಟುವುದು ಡ್ರಾಯರಿಗೆ. ಡ್ರಾಯರ್ ಜಾರುವ ಹಳಿಗೆ, ಅಂದರೆ ಸಾಮಾನ್ಯ ಟೆಲಿಸ್ಕೋಪಿಕ್ ಚಾನಲ್ಲಿಗೆ, ಒಂದೊಂದು ಬದಿಗೆ 12.7 ಎಂಎಂ ಜಾಗ ಬೇಕು, ಅಂದರೆ ಅರ್ಧ ಇಂಚು. 'ಒಳಅಳತೆಯಲ್ಲಿ ಒಂದಿಂಚು ಕಳೆ' ಎಂಬ ಸೂತ್ರ ಹುಟ್ಟಿದ್ದು ಹೀಗೆ. ಕಪಾಟಿನ 18 ಇಂಚಿನ ಒಳಅಗಲಕ್ಕೆ 17 ಇಂಚಿನ ಡ್ರಾಯರ್ ಡಬ್ಬ, ಅಂದರೆ 431.8. ಲೆಕ್ಕ ಸರಿಯೇ, ಆದರೆ ಸಡಿಲಕ್ಕೆ ಕೂದಲೆಳೆಯಷ್ಟೂ ಜಾಗ ಉಳಿಯುವುದಿಲ್ಲ. ಆಮೇಲೆ ಡಬ್ಬದ ಎರಡೂ ಬದಿಗೆ 1 ಎಂಎಂ ಲ್ಯಾಮಿನೇಟ್ ಅಂಟಿಸಿದರೆ 433.8 ಆಯಿತು. ಚಾನಲ್ ಬಿಗಿದು, ಅದರೊಳಗಿನ ಗುಂಡುಗಳು ಉಜ್ಜಿ, ಡ್ರಾಯರ್ ಅರ್ಧಕ್ಕೇ ನಿಲ್ಲುತ್ತದೆ. ಎಂಎಂನಲ್ಲಿ ಹಿಡಿಯಿರಿ: ಒಳಅಗಲ 457, ಅದರಲ್ಲಿ 26 ಕಳೆದು 431. ಇದು ಲ್ಯಾಮಿನೇಟ್ ಅಂಟಿಸಿಯಾದ ಮೇಲಿನ ಹೊರಅಳತೆ, ಹಾಗಾಗಿ ಪ್ಲೈ ಡಬ್ಬ 429ಕ್ಕೆ ನಿಲ್ಲಬೇಕು. ಡಬ್ಬ ತುಸು ಕಿರಿದಾದರೆ ಉಪಾಯವಿದೆ, ಚಾನಲ್ ಹಿಂದೆ ಲ್ಯಾಮಿನೇಟ್ ತುಂಡು ಕೊಟ್ಟು ಸ್ಕ್ರೂ ಬಿಗಿಯಬಹುದು. ಅಗಲವಾದರೆ ಡಬ್ಬ ಬಿಚ್ಚಬೇಕಾಗುತ್ತದೆ.

ಉದ್ದದಲ್ಲೂ ಇದೇ ಪಾಡು. ಅಂಗಡಿಯಲ್ಲಿ '22 ಇಂಚು ಚಾನಲ್' ಎಂದು ಕೊಡುವುದು 550 ಎಂಎಂ ಇರುತ್ತದೆ, 22 ಇಂಚು ಅಂದರೆ 558.8. ಹೆಸರು ನಂಬಿ ಡಬ್ಬ ಮಾಡಿದರೆ ಹಿಂಭಾಗ 9 ಎಂಎಂ ಹೊರಚಾಚಿ, ಹಿಂದಿನ ಹಲಗೆಗೆ ತಾಗಿ, ಡ್ರಾಯರ್ ಮುಖ ಪೂರ್ತಿ ಮುಚ್ಚದೆ ನಿಲ್ಲಬಹುದು.

ಹಾಳೆ ಕತ್ತರಿಸುವಾಗಲೂ ಅಷ್ಟೇ. 2440 ಎಂಎಂ ಹಾಳೆಯಲ್ಲಿ ಎರಡಡಿಯ ನಾಲ್ಕು ತುಂಡು ಬರುವುದಿಲ್ಲ, ಏಕೆಂದರೆ ಮೂರು ಸಲ ಕತ್ತರಿಸುವಾಗ ಗರಗಸ ಸಲಕ್ಕೆ ಮೂರು ಎಂಎಂ ತಿನ್ನುತ್ತದೆ. 600ರ ನಾಲ್ಕು ತುಂಡಾದರೆ ನಾಲ್ಕು ಸಲ ಕತ್ತರಿಸಿದ ಮೇಲೂ 28 ಎಂಎಂ ಪಟ್ಟಿ ಉಳಿಯುತ್ತದೆ.

ಗುರುತು ಹಾಕುವಾಗ ಇನ್ನೊಂದು ಕಿರಿಕಿರಿ. ಪಟ್ಟಿ ದೋಣಿಯಂತೆ ಬಾಗಿರುವುದರಿಂದ ಅಂಚುಗಳು ಹಲಗೆಯಿಂದ ಮೇಲೆದ್ದಿರುತ್ತವೆ. ಓರೆಯಾಗಿ ನೋಡಿದರೆ ಗೆರೆ ಒಂದು ಎಂಎಂ ಆಚೀಚೆ ಕಾಣುತ್ತದೆ. ಓದುವ ಅಂಚನ್ನು ಹಲಗೆಗೆ ತಾಗುವಂತೆ ವಾಲಿಸಿ ಗುರುತು ಹಾಕಬೇಕು. ಜೋಡಿ ಟೇಪಿನಲ್ಲಿ ಎಂಎಂ ಒಂದೇ ಅಂಚಿಗಿದೆ, ಬಲಗಡೆಯಿಂದ ಎಳೆದಾಗ ಅಂಕಿ ತಲೆಕೆಳಗಾಗಿ 66 ಹೋಗಿ 99 ಕಾಣುತ್ತದೆ. ಎರಡೂ ಅಂಚಿಗೆ ಎಂಎಂ ಇರುವ ಟೇಪಿನಲ್ಲಿ ಬೇಕಾದ ಅಂಚನ್ನು ವಾಲಿಸಿಕೊಳ್ಳಬಹುದು. ಕಟಿಂಗ್ ಟೇಬಲ್ಲಿನ ಮೇಲೆ ಅಂಥದ್ದೊಂದನ್ನೇ ಇಟ್ಟು, ಜೋಡಿ ಟೇಪನ್ನು ಸೈಟಿನ ಚೀಲಕ್ಕೆ ಹಾಕಿ.

ಜೋಡಿ ಟೇಪೊಂದೇ ಇದ್ದರೆ, ಕೊಕ್ಕೆಯ ರಿವೆಟ್ ಸಡಿಲವಾದ ದಿನದಿಂದ 100 ಎಂಎಂ ಗೆರೆಯಿಂದ ಹಿಡಿದು ಅಳೆದು, ಬಂದದ್ದರಲ್ಲಿ 100 ಕಳೆಯಿರಿ. ಒಂದಿಂಚಿನ ಗೆರೆಯಿಂದ ಹಿಡಿಯುವ ರೂಢಿ ಬೇಡ. 100 ಎಂಎಂ ಮರೆತರೆ ಗುರುತು ಹಾಕುವಾಗಲೇ ಕಣ್ಣಿಗೆ ಹೊಡೆಯುತ್ತದೆ, ಒಂದಿಂಚು ಮರೆತದ್ದು ತುಂಡು ಜೋಡಿಸುವಾಗಲೇ ಗೊತ್ತಾಗುವುದು.