ಸ್ಟ್ರಾಬೆರಿ ಶಾರ್ಟ್‌ಕೇಕ್: ರೆಡಿ ಸ್ಪಾಂಜ್ ಕೇಕೋ, ಮನೆಯಲ್ಲೇ ಬೇಯಿಸಿದ್ದೋ?

ಶಾರ್ಟ್‌ಕೇಕ್ ಅಂದರೆ ಕೇಕ್ ಜೊತೆ ಹಣ್ಣು, ಕ್ರೀಮ್ ಸೇರಿಸಿ ತಿನ್ನುವ ಸಿಹಿ ತಿಂಡಿ. ಹಣ್ಣಿನ ಕೆಲಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅರ್ಧ ಕಿಲೋ ಸ್ಟ್ರಾಬೆರಿ ಹೆಚ್ಚಿ, 3 ಚಮಚ ಸಕ್ಕರೆ ಬೆರೆಸಿ, ಅರ್ಧ ಗಂಟೆ ಸುಮ್ನೆ ಬಿಡಿ. ಸಕ್ಕರೆ ಹಣ್ಣಿನ ನೀರನ್ನು ಹೊರಗೆ ಎಳೆಯುತ್ತದೆ, ಬಟ್ಟಲಿನ ತಳದಲ್ಲಿ ಕೆಂಪು ರಸ ನಿಲ್ಲುತ್ತದೆ. ಈ ತಿಂಡಿಯ ಜೀವವೇ ಆ ರಸ. ಅದನ್ನು ಯಾವ ಕೇಕ್ ತಡೆದುಕೊಳ್ಳುತ್ತದೆ ಅನ್ನುವುದೇ ಪ್ರಶ್ನೆ.

ರೆಡಿ ಸ್ಪಾಂಜ್ ಕೇಕ್ ಆದರೆ ಓವನ್ ಮುಟ್ಟುವುದೇ ಬೇಡ. ಕತ್ತರಿಸಿ, ಹಣ್ಣು, ಕ್ರೀಮ್ ಹಾಕಿದರೆ ಆಯಿತು. ಆದರೆ ಅದು ಮೊದಲೇ ಸಿಹಿ, ಹಾಗಾಗಿ ಹಣ್ಣಿಗೆ ಮೂರರ ಬದಲು ಒಂದೇ ಚಮಚ ಸಕ್ಕರೆ ಸಾಕು. ರಸ ಹಾಕಿದ ತಕ್ಷಣ ತಿನ್ನಿ, ಬಿಟ್ಟರೆ ಮುದ್ದೆಯಾಗುತ್ತದೆ.

ಮನೆಯದ್ದಕ್ಕೆ ಸ್ವಲ್ಪ ಜಾಸ್ತಿ ಕೆಲಸ. 2 ಕಪ್ ಮೈದಾ, ಒಂದು ದೊಡ್ಡ ಚಮಚ ಬೇಕಿಂಗ್ ಪೌಡರ್, 2 ಚಮಚ ಸಕ್ಕರೆ, ಚಿಟಿಕೆ ಉಪ್ಪು. ಇದಕ್ಕೆ ಫ್ರಿಜ್‌ನಿಂದ ಆಗಷ್ಟೇ ತೆಗೆದ 100 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ. ಬಟಾಣಿ ಗಾತ್ರದ ಚೂರುಗಳು ಉಳಿದಿರಬೇಕು. ಓವನ್ ಬಿಸಿಗೆ ಅವು ಕರಗಿ, ಹಬೆ ಎದ್ದು, ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಮುಕ್ಕಾಲು ಕಪ್ ತಣ್ಣನೆ ಹಾಲು ಹಾಕಿ ಒಟ್ಟುಗೂಡಿಸಿ. ದಯವಿಟ್ಟು ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಗಟ್ಟಿಯಾಗುತ್ತದೆ. ದಪ್ಪ ಬಿಲ್ಲೆಗಳಾಗಿ ಮಾಡಿ, 220 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಬೇಯಿಸಿ, ಮೇಲೆ ಹೊಂಬಣ್ಣ ಬಂದರೆ ಸಾಕು.

ಕ್ರೀಮ್ ಎರಡಕ್ಕೂ ಚೆನ್ನಾಗಿ ತಣ್ಣಗಿರಲಿ.

ನೆಂಟರು ಬಾಗಿಲಲ್ಲೇ ಇದ್ದರೆ ಸ್ಪಾಂಜ್. ಒಂದು ಗಂಟೆ ಸಮಯ ಇದ್ದರೆ ನನ್ನ ಮತ ಮನೆಯದ್ದಕ್ಕೇ: ಒಳಗೆ ರಸ ಹೀರಿ ಮೆತ್ತಗೆ, ಅಂಚು ಮಾತ್ರ ಇನ್ನೂ ಗರಿಗರಿ.