ಕುಂಡದಲ್ಲಿ ಹಿಪ್ಪುನೇರಳೆ: ಮೂರು ವರ್ಷ ಸಾಕಿದ ಮೇಲಿನ ಅನುಭವ

ಜೂನ್ 2022ರಲ್ಲಿ 350 ರೂಪಾಯಿ ಕೊಟ್ಟು ತಂದ ಗಿಡ ಇದು. ಕೊಂಬೆಗೆ ಕಟ್ಟಿದ್ದ ಚೀಟಿಯಲ್ಲಿ ‘ಮಲ್ಬೆರಿ, ಇಂಡೋರ್ ಫ್ರೂಟ್ ಪ್ಲಾಂಟ್’ ಅಂತ ಬರೆದಿತ್ತು. ಒಂದೂವರೆ ಅಡಿ ಎತ್ತರ, ಎಂಟು ಇಂಚಿನ ಕುಂಡ, ತುದಿಯಲ್ಲಿ ನಾಲ್ಕೈದು ಕೆಂಪು ಕಾಯಿ. ಆ ಕಾಯಿ ನೋಡಿಯೇ ತಂದೆ. ಈಗ ಗಿಡ ಐದಡಿ ಇದೆ, ಹದಿನೆಂಟು ಇಂಚಿನ ಕುಂಡದಲ್ಲಿದೆ, ವರ್ಷಕ್ಕೆ ಮೂರು ಸಲ ಹಣ್ಣು ಕೊಡುತ್ತದೆ. ಗಿಡಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಚೀಟಿಯ ಮೇಲಿದ್ದ ‘ಇಂಡೋರ್’ ಅನ್ನುವ ಮಾತಿಗೆ ಒಂದೂ ಇಲ್ಲ. ಆ ಒಂದು ಮಾತನ್ನು ನಂಬಿ ನಾನು ಮೂರು ತಿಂಗಳು ಗಿಡಕ್ಕೆ ಬಹಳ ಕಷ್ಟ ಕೊಟ್ಟೆ.

ನಮ್ಮಮ್ಮನ ತವರು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಅಲ್ಲಿ ಇದನ್ನು ಯಾರೂ ಹಣ್ಣಿನ ಗಿಡ ಅಂತ ನೋಡುವುದಿಲ್ಲ. ಅದು ರೇಷ್ಮೆ ಕಡ್ಡಿ, ಹುಳುವಿಗೆ ಹಾಕುವ ಸೊಪ್ಪಿಗೆ ಅಂತಲೇ ಇರುವುದು. ಬೇಸಿಗೆ ರಜೆಗೆ ಹೋದಾಗ ಮಾವನ ತೋಟದ ಬದುವಿನಲ್ಲಿ ಸವರದೆ ಬಿಟ್ಟ ಒಂದೆರಡು ಗಿಡದಲ್ಲಿ ಕಪ್ಪು ಹಣ್ಣು ಸಿಗುತ್ತಿತ್ತು, ತಿಂದು ನಾಲಿಗೆ ನೀಲಿ ಮಾಡಿಕೊಂಡು ಬರುತ್ತಿದ್ದೆವು. ಬೆಂಗಳೂರಿನ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ನನ್ನ ಮಗಳಿಗೂ ಆ ರುಚಿ ಸಿಗಲಿ ಅನ್ನುವುದೊಂದೇ ಆಸೆ.

ಮೊದಲು ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟೆ. ಅಲ್ಲಿ ಬೆಳಕು ಚೆನ್ನಾಗಿದೆ, ಮನಿಪ್ಲಾಂಟ್ ಹುಲುಸಾಗಿ ಬೆಳೆದಿದೆ. ಮೂರು ವಾರಕ್ಕೆ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು, ಕಾಯಿ ಹಣ್ಣಾಗದೆ ಒಣಗಿತು. ನೀರು ಸಾಲದೇನೋ ಅಂತ ದಿನಾ ಹಾಕಿದೆ. ಇನ್ನಷ್ಟು ಉದುರಿತು. ಆಮೇಲೆ ಪೂರ್ವದ ಕಿಟಕಿಗೆ ಒಯ್ದೆ, ಬೆಳಿಗ್ಗೆ ಎರಡು ಗಂಟೆ ಬಿಸಿಲು ಬರುತ್ತದೆ ಅಲ್ಲಿ. ಉದುರುವುದು ನಿಂತಿತು, ಆದರೆ ಗಿಡ ಕಿಟಕಿಯ ಕಡೆಗೇ ವಾಲಿಕೊಂಡು, ಎಲೆಯಿಂದ ಎಲೆಗೆ ಗೇಣು ದೂರ ಬಿಟ್ಟು, ಬಳ್ಳಿಯ ಹಾಗೆ ಸಣ್ಣಗೆ ಉದ್ದವಾಯಿತು. ಅಕ್ಟೋಬರಿನಲ್ಲಿ ಅಮ್ಮ ಬಂದವಳೇ ಕೇಳಿದಳು, "ಇದನ್ಯಾಕೆ ಒಳಗೆ ಕೂರಿಸಿದ್ದೀಯ? ಕಡ್ಡಿ ಬಿಸಿಲಲ್ಲಿ ನಿಂತರೆ ತಾನೇ ಸೊಪ್ಪು ಬಿಡೋದು." ಅವತ್ತೇ ಇಬ್ಬರೂ ಸೇರಿ ಪಶ್ಚಿಮದ ಬಾಲ್ಕನಿಗೆ ಹಾಕಿದೆವು. ಮಧ್ಯಾಹ್ನ ಹನ್ನೆರಡೂವರೆಯಿಂದ ಸಂಜೆಯವರೆಗೂ ಅಲ್ಲಿ ನೇರ ಬಿಸಿಲು. ಹತ್ತೇ ದಿನಕ್ಕೆ ಹೊಸ ಎಲೆ ಬಂತು, ಅಂಗೈಯಗಲ, ದಪ್ಪ, ಹೊಳಪು.

ಹಾಗಾಗಿ ಮನೆಯೊಳಗೇ ಇಡಬೇಕು ಅನ್ನುವವರಿಗೆ ಒಂದು ಮಾತು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಕಿಟಕಿ ಇದ್ದರೆ ತನ್ನಿ. ಇಲ್ಲದಿದ್ದರೆ ದಯವಿಟ್ಟು ಬೇಡ. ‘ಬೆಳಕು ಚೆನ್ನಾಗಿದೆ’ ಅನ್ನುವುದು ಇದಕ್ಕೆ ಸಾಲುವುದಿಲ್ಲ. ಟೊರಾಂಟೊದಲ್ಲಿರುವ ನನ್ನ ತಂಗಿಯೂ ಕುಂಡದಲ್ಲಿ ಒಂದು ಸಾಕಿದ್ದಾಳೆ. ಅಲ್ಲಿ ಬೇಸಿಗೆಯಲ್ಲಿ ಹೊರಗೆ, ಚಳಿಗಾಲದಲ್ಲಿ ಹೀಟರ್ ಇಲ್ಲದ ಗ್ಯಾರೇಜಿನಲ್ಲಿ. ನವೆಂಬರಿನಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಾಗ ಸತ್ತೇಹೋಯಿತು ಅಂತ ಮೊದಲ ವರ್ಷ ಅತ್ತುಬಿಟ್ಟಿದ್ದಳು. ಸತ್ತಿರಲಿಲ್ಲ. ಚಳಿ ದೇಶದಲ್ಲಿ ಇದು ಹಾಗೆಯೇ ಮಲಗುತ್ತದೆ, ಏಪ್ರಿಲಿನಲ್ಲಿ ಚಿಗುರಿತು.

ಈಗ ಹಣ್ಣಿನ ವಿಷಯ. ಈ ಗಿಡದ ಗುಟ್ಟೆಲ್ಲ ಕತ್ತರಿಯಲ್ಲಿದೆ. ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ, ಎಲೆಯ ಬುಡದಲ್ಲಿ. ಹಳೇ ಕೊಂಬೆಯನ್ನು ಮುದ್ದು ಮಾಡಿ ಉದ್ದ ಬಿಟ್ಟರೆ ಮೇಲೆ ಮೇಲೆ ಎಲೆ ಬರುತ್ತದೆ ಅಷ್ಟೆ. ಜನವರಿ 2023ರ ಮೊದಲ ವಾರ ಮಾವ ಫೋನಿನಲ್ಲಿ ಹೇಳಿದ ಹಾಗೆ ಎಲ್ಲ ಕೊಂಬೆಯನ್ನೂ ಅರ್ಧಕ್ಕೆ ಸವರಿದೆ, ಉಳಿದ ಎಲೆಯನ್ನೂ ಕೈಯಲ್ಲೇ ಕಿತ್ತೆ. ಕತ್ತರಿಸಿದಲ್ಲೆಲ್ಲ ಬಿಳಿ ಹಾಲು ಸುರಿಯಿತು. ಹಲಸು, ಅತ್ತಿ, ಆಲ ಎಲ್ಲ ಇದರದೇ ಕುಟುಂಬ, ಅದಕ್ಕೇ ಆ ಹಾಲು. ಬೋಳು ಗಿಡ ನೋಡಿ ಎರಡು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹನ್ನೆರಡನೇ ದಿನ ಪ್ರತಿ ಕಣ್ಣಿನಲ್ಲೂ ಚಿಗುರು, ಚಿಗುರಿನ ಜೊತೆಯಲ್ಲೇ ಹಸಿರು ಕಾಯಿ. ಫೆಬ್ರವರಿ ಕೊನೆಗೆ ಮೊದಲ ಹಣ್ಣು. ಆ ಸುಗ್ಗಿಯಲ್ಲಿ ಎಣಿಸಿದ್ದು 64 ಹಣ್ಣು. ಈ ವರ್ಷ ಒಂದು ಸುಗ್ಗಿಗೇ ಇನ್ನೂರು ದಾಟಿತು.

ಕೆಂಪಗಾದ ಕೂಡಲೇ ಕೀಳಬೇಡಿ, ಹುಳಿ ಜಾಸ್ತಿ. ಕಿತ್ತ ಮೇಲೆ ಅದು ಹಣ್ಣಾಗುವುದಿಲ್ಲ. ಪೂರ್ತಿ ಕಪ್ಪಾಗಿ, ಮುಟ್ಟಿದರೆ ಕೈಗೆ ಬೀಳುವ ಹಾಗಾದಾಗ ತಿನ್ನಿ. ಬಿಳಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಮಾತ್ರ ಕುಂಡ ಇಡಬೇಡಿ. ಪಿಕಳಾರ ಹಕ್ಕಿಗಳು ನಮಗಿಂತ ಮುಂಚೆ ಬರುತ್ತವೆ. ನಾನು ಬಲೆ ಹಾಕಿಲ್ಲ, ಮೇಲಿನ ಕೊಂಬೆ ಅವಕ್ಕೆ, ಕೆಳಗಿನದು ಮಗಳಿಗೆ.

ಮಣ್ಣು, ಗೊಬ್ಬರದಲ್ಲಿ ಹೇಳುವಂಥದ್ದು ಕಡಿಮೆ. ಕೆಂಪು ಮಣ್ಣು, ಎರೆಗೊಬ್ಬರ, ಸ್ವಲ್ಪ ಮರಳು. ಪ್ರತಿ ಸಲ ಸವರಿದಾಗ ಎರಡು ಬೊಗಸೆ ಗೊಬ್ಬರ. ಬೇರು ಮಾತ್ರ ಬಲು ಜೋರು. ಎರಡನೇ ವರ್ಷಕ್ಕೆ ಹನ್ನೆರಡು ಇಂಚಿನ ಕುಂಡದ ತೂತಿನಿಂದ ಹೊರಗೆ ಬಂದು ಟೈಲ್ಸ್ ಸಂದಿ ಹುಡುಕುತ್ತಿತ್ತು. ಕುಂಡದ ಕೆಳಗೆ ತಟ್ಟೆ ಇಡಿ, ಎರಡು ವರ್ಷಕ್ಕೊಮ್ಮೆ ಗಿಡ ತೆಗೆದು ಸುತ್ತಿಕೊಂಡ ಬೇರನ್ನು ಕತ್ತರಿಸಿ.

2024ರ ಮಾರ್ಚ್ ನೆನಪಿದೆ ಅಲ್ವಾ? ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಒಣಗಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನಾನು ಅಕ್ಕಿ ತೊಳೆದ ನೀರು, ಜೊತೆಗೆ ಕುಡಿಯುವ ನೀರನ್ನು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಹಾಕಿದೆ. ಆ ಎರಡನೆಯದು ತಪ್ಪು. ಅದರಲ್ಲಿ ಉಪ್ಪಿನಂಶ ಜಾಸ್ತಿ, ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು, ಏಪ್ರಿಲಿಗೆ ಗಿಡ ಬೋಳಾಯಿತು. ಮೇ ತಿಂಗಳಲ್ಲಿ ಎರಡು ಮಳೆ ಬಿತ್ತು. ಕುಂಡವನ್ನು ಮಳೆಗೆ ಎಳೆದು ಇಟ್ಟೆ. ಮಣ್ಣಿನ ಉಪ್ಪು ಮಳೆನೀರಿನ ಜೊತೆ ಇಳಿದು ಹೋಗಿ, ಗಿಡ ಮತ್ತೆ ಚಿಗುರಿದಾಗ ಆದ ಸಂತೋಷವನ್ನು ಹೇಳಲಾರೆ. ಇಂಥ ಗಟ್ಟಿ ಗಿಡ ನನ್ನ ಬಾಲ್ಕನಿಯಲ್ಲಿ ಬೇರೆ ಇಲ್ಲ.

ಕಾಟ ಅಂದರೆ ಹಿಟ್ಟು ತಿಗಣೆ. ತುದಿಯ ಎಲೆಗಳು ಸುಕ್ಕುಗಟ್ಟಿ, ಮುದ್ದೆಯಾಗಿ, ಕಡು ಹಸಿರಾದವು. ಒಳಗೆ ಬಿಳಿ ಹಿಟ್ಟು, ಕಾಂಡದ ಮೇಲೆ ಇರುವೆ ಸಾಲು. ಫೋಟೋ ಕಳಿಸಿದೆ. "ಅದು ಟುಕ್ರಾ ಕಣಮ್ಮ, ಸುಮ್ನೆ ಔಷಧಿ ಹುಡುಕಬೇಡ, ತುದಿ ಮುರಿದು ಸುಟ್ಟುಹಾಕು" ಅಂದರು ಮಾವ. ಹಿಟ್ಟು ತಿಗಣೆಯಿಂದ ತುದಿ ಹೀಗೆ ಮುದ್ದೆಯಾಗುವುದಕ್ಕೇ ಟುಕ್ರಾ ಅನ್ನುವುದು. ಮುರಿದೆ, ಉಳಿದ ಕೊಂಬೆಗೆ ನೀರನ್ನು ಜೋರಾಗಿ ಹೊಡೆದೆ, ಮತ್ತೆ ಕಂಡಾಗ ಬೇವಿನೆಣ್ಣೆ. ತೋಟಗಳಲ್ಲಿ ಇದಕ್ಕೆ ಗುಲಗಂಜಿ ಹುಳು ಬಿಡುತ್ತಾರೆ, ಅವು ತಿಗಣೆಯನ್ನು ತಿಂದುಬಿಡುತ್ತವೆ. ಗಾಳಿ ಆಡದ ಮೂಲೆಯಲ್ಲಿ ಇಟ್ಟರೆ ಈ ಕಾಟ ಜಾಸ್ತಿ ಅನ್ನುವುದು ನನ್ನ ಅನುಭವ.

ಹೋದ ವರ್ಷ ಮಗಳಿಗೆ ರೇಷ್ಮೆ ಹುಳು ನೋಡುವ ಆಸೆಯಾಯಿತು. ಮಾವನ ಹುಳುಮನೆಯಿಂದ ಮೂರನೇ ಜ್ವರ ಎದ್ದ ಇಪ್ಪತ್ತು ಹುಳು ತಂದೆವು. ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಒಟ್ಟು ನಾಲ್ಕು ಜ್ವರ. ಬೇವಿನೆಣ್ಣೆ ಬಿದ್ದ ಕೊಂಬೆಯ ಸೊಪ್ಪನ್ನು ಮುಟ್ಟಲೇಬೇಡ ಅಂತ ಮಾವ ಎರಡು ಸಲ ಹೇಳಿದ್ದರು, ಅದನ್ನು ಬಿಟ್ಟು ಉಳಿದದ್ದನ್ನು ಕೊಟ್ಟೆವು. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವು ನೋಡಬೇಕು. ಹುಳು ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ತಿನ್ನುವುದು ಈ ಕೊನೆಯ ಹಂತದಲ್ಲೇ. ರಾತ್ರಿ ಮಳೆ ಬಂದ ಹಾಗೆ ಸದ್ದು. ನಾಲ್ಕು ದಿನಕ್ಕೆ ಗಿಡ ಖಾಲಿ, ಮಾವ ಬಸ್ಸಿನಲ್ಲಿ ಒಂದು ಚೀಲ ಸೊಪ್ಪು ಕಳಿಸಿದರು. ಹದಿನೇಳು ಹುಳು ಗೂಡು ಕಟ್ಟಿದವು. ಮಗಳು ಆ ಗೂಡುಗಳನ್ನು ಇವತ್ತಿಗೂ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಒಂದು ಕುಂಡದ ಸೊಪ್ಪು ಐದಾರು ಹುಳುವಿಗೆ ಸಾಕು, ಅದಕ್ಕಿಂತ ಜಾಸ್ತಿ ತರಬೇಡಿ.

ಕೊಳ್ಳುವವರಿಗೆ ಎರಡು ವಿಷಯ. ಹಣ್ಣೋ ಕಾಯೋ ಕಣ್ಣಿಗೆ ಕಾಣುವ ಗಿಡವನ್ನೇ ತನ್ನಿ. ಇದರಲ್ಲಿ ಗಂಡು ಗಿಡವೂ ಇರುತ್ತದೆ. ನಮ್ಮ ಪಕ್ಕದ ಮನೆಯವರು ಎಲ್ಲಿಂದಲೋ ತಂದ ಕಡ್ಡಿ ಎರಡು ವರ್ಷ ಬರೀ ಜೋತಾಡುವ ಹೂ ಬಿಟ್ಟು ಉದುರಿಸಿತು. ಇನ್ನೊಂದು, ರೇಷ್ಮೆ ತೋಟದಿಂದ ತರುವ ವಿ-1 ಕಡ್ಡಿ ಸೊಪ್ಪಿಗೆ ಅಂತಲೇ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ತಳಿ. ಎಲೆ ಬಹಳ ಚೆನ್ನ. ಹಣ್ಣಿಗಾಗಿಯೇ ಬೆಳೆಸುವುದಾದರೆ ಹಣ್ಣಿನ ಗಿಡದ ಕಡ್ಡಿಯೇ ಬೇಕು.

ಹಣ್ಣು ಬಿಡುವ ಗಿಡ ಗೊತ್ತಿರುವವರ ಮನೆಯಲ್ಲಿದ್ದರೆ 350 ರೂಪಾಯಿ ಕೊಡುವುದೇ ಬೇಕಿಲ್ಲ. ಪೆನ್ಸಿಲ್ ದಪ್ಪದ ಕಡ್ಡಿ, ಮೂರು ನಾಲ್ಕು ಕಣ್ಣು, ಕೆಳಗಡೆ ಓರೆ ಕತ್ತರಿಸಿ, ಕಣ್ಣು ಮೇಲೆ ನೋಡುವ ಹಾಗೆ ಮುಕ್ಕಾಲು ಭಾಗ ಮಣ್ಣಿಗೆ ಊರಿ, ನೆರಳಲ್ಲಿ ತೇವ ಆರದಂತೆ ನೋಡಿಕೊಂಡರೆ ಒಂದೂವರೆ ತಿಂಗಳಿಗೆ ಬೇರು. ನಾನು ಊರಿದ ಹತ್ತರಲ್ಲಿ ಏಳು ಬಂದವು. ಐದನ್ನು ನಮ್ಮ ಅಪಾರ್ಟ್‌ಮೆಂಟಿನವರಿಗೆ ಕೊಟ್ಟೆ, ಎಲ್ಲರಿಗೂ ಕೇಳಿದ ಮೊದಲ ಪ್ರಶ್ನೆ ಬಾಲ್ಕನಿ ಯಾವ ದಿಕ್ಕಿಗಿದೆ ಅಂತ. ಉಳಿದೆರಡು ಇನ್ನೂ ಇಲ್ಲೇ ಇವೆ.