ಗುಡ್ಡದ ಬದಿಯ ಮನೆಗೆ ಇಂಟರ್‌ಲಾಕ್ ದಾರಿ: ತಳಕ್ಕೆ ಪೂರ್ತಿ ಅಂಕ, ಅಂಚಿಗೆ ಅರ್ಧ

ಗೇಟಿನಿಂದ ಪೋರ್ಟಿಕೋವರೆಗೆ ಕಾರು ಹತ್ತುವ ದಾರಿಗೆ ಇಂಟರ್‌ಲಾಕ್ ಹಾಕಿಸಿ ಒಂದು ಮಳೆಗಾಲ ಕಳೆಯಿತು. ಈಗ ಬರೆದರೆ ಸರಿ, ಯಾಕೆಂದರೆ ಹಾಕಿದ ವಾರದಲ್ಲಿ ಎಲ್ಲರ ಮನೆಯದ್ದೂ ಚಂದವೇ ಕಾಣುತ್ತದೆ. ನಮ್ಮದು ಪುತ್ತೂರು ಕಡೆ. ಕೆಂಪು ಮಣ್ಣು, ರಸ್ತೆಯಿಂದ ಅಂಗಳಕ್ಕೆ ಒಳ್ಳೆಯ ಏರು, ಜೂನ್ ಬಂದರೆ ಮೇಲಿನ ತೋಟದ ನೀರೆಲ್ಲ ಇದೇ ದಾರಿಯಲ್ಲಿ ಇಳಿದು ರಸ್ತೆ ಸೇರುತ್ತಿತ್ತು. ಕೆಲಸ ಮಾಡಿದ್ದು ಇಲ್ಲಿನದೇ ಸಣ್ಣ ತಂಡ. ಹೆಸರು ಹಾಕುವುದಿಲ್ಲ. ಐದರಲ್ಲಿ ಮೂರೂವರೆ ಕೊಡುತ್ತೇನೆ.

ಇವರಿಗೇ ಕೆಲಸ ಕೊಡಲು ಕಾರಣ ಕೊಟೇಶನ್. ಉಳಿದವರೆಲ್ಲ ಕೊಟ್ಟದ್ದು ಒಂದೇ ಸಾಲು, ಚದರಡಿಗೆ ಇಷ್ಟು. ಬಣ್ಣ ಯಾವುದು, ಡಿಸೈನ್ ಯಾವುದು ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದರು, ಕಲ್ಲಿನ ಕೆಳಗೆ ಏನು ಹಾಕುತ್ತೀರಿ ಎಂದು ಕೇಳಿದರೆ "ಅದೆಲ್ಲ ನಾವು ನೋಡಿಕೊಳ್ತೇವೆ ಸರ್" ಅಂದರು. ಇವರು ಮಾತ್ರ ಮಣ್ಣು ಎಷ್ಟು ತೆಗೆಯುವುದು, ಜಲ್ಲಿ ಎಷ್ಟು ದಪ್ಪ, ಮರಳು ಎಷ್ಟು ಎಂದು ಬೇರೆ ಬೇರೆ ಬರೆದುಕೊಟ್ಟರು. ರೇಟು ಜಾಸ್ತಿಯೇ. ಆದರೆ ಕಾರಿನ ಭಾರ ಕೊನೆಗೆ ಹೊರುವುದು ಕೆಳಗಿನ ಜಲ್ಲಿ ಅಲ್ವಾ? ಅದು ಕುಸಿದರೆ ಮೇಲೆ ಎಂಥ ಕಲ್ಲಿದ್ದರೂ ಚಕ್ರದ ಗುಳಿ ಬಿದ್ದೇ ಬೀಳುತ್ತದೆ.

ಆ ಕೆಲಸ ನಿಜಕ್ಕೂ ಚೆನ್ನಾಗಿ ಮಾಡಿದರು. ಮೆತ್ತಗಿನ ಮೇಲ್ಮಣ್ಣು ಕೆರೆದು ತೆಗೆದರು. ವೆಟ್ ಮಿಕ್ಸ್ ಜಲ್ಲಿಯನ್ನು (ಜಲ್ಲಿ, ಪುಡಿ, ನೀರು ಬೆರೆಸಿದ್ದು) ಒಂದೇ ಸಲ ಸುರಿಯದೆ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಕಂಪ್ಯಾಕ್ಟರ್, ಅಂದರೆ ಅದುರಿಸಿ ಒತ್ತಿ ಗಟ್ಟಿ ಮಾಡುವ ಮೆಷಿನ್ ಓಡಿಸಿದರು. ಅದರ ಮೇಲೆ ದಪ್ಪ ಕಾಳಿನ ಮರಳು, ಅಂದಾಜು 30 ಮಿ.ಮೀ. ಸಾಮಾನ್ಯವಾಗಿ 25ರಿಂದ 40 ಮಿ.ಮೀ. ಸಾಕು. ಜಲ್ಲಿಯ ತಳ ಸಮ ಇಲ್ಲವೆಂದು ಮರಳಿನಲ್ಲೇ ಮಟ್ಟ ಮಾಡಲು ಹೋದರೆ ಆ ಜಾಗವೇ ಮೊದಲು ಇಳಿಯುತ್ತದೆ. ಮರಳಿನ ಬದಲು ಕ್ರಷರ್ ಪುಡಿ ಹಾಕುವವರೂ ಇದ್ದಾರೆ. ನಮ್ಮ ಕಡೆಯ ಮಳೆಗೆ ಅದು ಬೇಡ, ಪುಡಿ ನೀರು ಹಿಡಿದುಕೊಂಡು ಕೂರುತ್ತದೆ.

ಕಲ್ಲು 80 ಮಿ.ಮೀ. ದಪ್ಪದ್ದು ತೆಗೆದುಕೊಂಡೆ. ಬರೀ ಕಾರು, ಬೈಕಿಗಾದರೆ 60 ಸಾಕು ಎಂದು ಮೇಸ್ತ್ರಿಯೇ ಹೇಳಿದರು. ಆದರೆ ಗೊಬ್ಬರದ ಲೋಡು ಬರುತ್ತದೆ, ಯಾವತ್ತಾದರೂ ಬೋರ್‌ವೆಲ್ ಲಾರಿ ಒಳಗೆ ಬರಬೇಕಾದೀತು. ರಬ್ಬರ್ ಅಚ್ಚಿನ ಹೊಳೆಯುವ ಕಲ್ಲು ಬೇಡವೆಂದೆ. ನೋಡಲು ಅಂದವೇ, ಆದರೆ ಏರಿನಲ್ಲಿ ಒದ್ದೆಯಾದರೆ ಜಾರುತ್ತದೆ. ಮೆಷಿನ್‌ನಲ್ಲಿ ಒತ್ತಿದ ಒರಟು ಕಲ್ಲಿಗೆ ಕಾಲೂ ನಿಲ್ಲುತ್ತದೆ, ಟೈರೂ ಹಿಡಿಯುತ್ತದೆ. ಜೋಡಣೆ ಮೀನಿನ ಮುಳ್ಳಿನ ಹಾಗೆ ಓರೆಯಾಗಿ. ಬ್ರೇಕ್ ಹಾಕಿದಾಗ ಕಲ್ಲುಗಳು ಒಂದಕ್ಕೊಂದು ತಡೆಯಾಗಿ ನಿಲ್ಲುತ್ತವೆ, ನೇರ ಸಾಲಿನಲ್ಲಿ ಹಾಕಿದ್ದು ಇಳಿಜಾರಿನಲ್ಲಿ ಮೆಲ್ಲ ಕೆಳಗೆ ಸರಿಯುತ್ತದೆ. ಬುಡದಲ್ಲಿ ಅಡ್ಡಕ್ಕೆ ಕಾಂಕ್ರೀಟ್ ಬೀಮ್ ಹಾಕಿ ಕೆಳಗಿನಿಂದ ಮೇಲಕ್ಕೆ ಜೋಡಿಸಿಕೊಂಡು ಹೋದರು. ಇದನ್ನು ನಾನು ಹೇಳಿ ಮಾಡಿಸಿದ್ದಲ್ಲ, ಅವರಿಗೇ ಗೊತ್ತಿತ್ತು.

ಗೇಟಿನ ವಿಷಯದಲ್ಲೂ ಮೇಸ್ತ್ರಿಗೆ ಥ್ಯಾಂಕ್ಸ್ ಹೇಳಬೇಕು. ಒಳಕ್ಕೆ ಏರುವ ದಾರಿಗೆ ಒಳಕ್ಕೆ ತೆರೆಯುವ ಗೇಟು ಹಾಕಿದರೆ ಬಾಗಿಲು ಅರ್ಧದಲ್ಲೇ ಕಲ್ಲಿಗೆ ಒರಸುತ್ತದೆ. ಗೇಟಿನ ಹಿಂದೆ ಒಂದಿಷ್ಟು ಜಾಗ ಮಟ್ಟವಾಗಿ ಬಿಟ್ಟು, ಅಲ್ಲಿಂದ ಏರು ಶುರು ಮಾಡಿದರು. ರಸ್ತೆಗೆ ಇಳಿಯುವ ಮೊದಲು ಕಾರು ನಿಲ್ಲಿಸಿ ಎರಡೂ ಕಡೆ ನೋಡುವುದಕ್ಕೂ ಆಯಿತು.

ಇನ್ನು ಬೈಗುಳ. ಬದಿಗಳಿಗೆ ಕರ್ಬ್ ಕಲ್ಲು (ಅಂಚು ಹಿಡಿದು ನಿಲ್ಲಿಸುವ ಕಲ್ಲು) ಹಾಕಿ ಹಿಂದಿನಿಂದ ಕಾಂಕ್ರೀಟ್ ಕೊಡುತ್ತೇವೆ ಎಂದು ಮಾತಾಗಿತ್ತು. ಬಲಬದಿಗೆ ಕೊಟ್ಟರು. ತೋಟದ ಬದಿಗೆ ಮಾತ್ರ ನಾನು ಮನೆಯಲ್ಲಿ ಇಲ್ಲದಾಗ ಸಿಮೆಂಟ್ ಗಾರೆ ಬಳಿದು ಮುಗಿಸಿದ್ದರು. ಜುಲೈ ಮಳೆಗೆ ಪಕ್ಕದ ಮಣ್ಣು ಕೊಚ್ಚಿಹೋಯಿತು, ಗಾರೆ ಬಿರುಕು ಬಿಟ್ಟಿತು, ಕೊನೆಯ ಸಾಲಿನ ಕಲ್ಲುಗಳು ಹೊರಗೆ ವಾಲಿದವು. ಫೋನ್ ಮಾಡಿದರೆ "ಮಳೆ ಬಿಡಲಿ ಸರ್". ಮಳೆ ಬಿಟ್ಟಿತು, ಚೌತಿ ಮುಗಿಯಿತು, ದೀಪಾವಳಿಯ ಹೊತ್ತಿಗೆ ಬಂದರು! ಬಂದವರು ದುಡ್ಡು ಕೇಳದೆ ಸರಿಯಾಗಿಯೇ ಮಾಡಿಕೊಟ್ಟರು, ಸುಮ್ನೆ ಹೇಳಬಾರದು. ಎತ್ತಿದ ಕಲ್ಲನ್ನೇ ಮತ್ತೆ ಕೂರಿಸಲು ಆಗುವುದು ಇಂಟರ್‌ಲಾಕಿನ ಲಾಭ, ಇಡೀ ದಾರಿಗೆ ಕಾಂಕ್ರೀಟ್ ಹಾಕಿದ್ದರೆ ಒಡೆದು ತೇಪೆ ಹಾಕಬೇಕಿತ್ತು.

ಗೇಟಿನ ಹತ್ತಿರದ ಅಡ್ಡ ಚರಂಡಿಯೂ ಸಪೂರ ಆಯಿತು. ಹಲಸಿನ ಎಲೆ ನಾಲ್ಕು ಬಿದ್ದರೆ ಜಾಲರಿ ಕಟ್ಟಿ ನೀರು ರಸ್ತೆಗೆ ಹಾರುತ್ತದೆ. ಅದಕ್ಕೆ ಅವರ ಉತ್ತರ ಇನ್ನೂ "ನೋಡುವ" ಅಂತಲೇ ಇದೆ.

ಅಮ್ಮನಿಗೆ ಮಾತ್ರ ಪೂರ್ತಿ ಖುಷಿ. ಬಿಸಿಲು ಬಂದ ಮೇಲೆ ಮೇಲಿನ ಮಟ್ಟದ ಜಾಗದಲ್ಲಿ ಅಡಿಕೆ ಹರಡಿದ್ದಾರೆ, ಕಾರು ರಸ್ತೆ ಬದಿಯಲ್ಲಿ ನಿಂತಿದೆ.

ಹಾಕಿಸುವವರು ಸಂದಿಗೆ ತುಂಬುವ ಮರಳಿನ ಮೇಲೂ ಒಂದು ಕಣ್ಣಿಡಿ. ಒಣಗಿದ ಸಣ್ಣ ಮರಳು ಗುಡಿಸಿ ತುಂಬಿ, ಕಂಪ್ಯಾಕ್ಟರ್ ಓಡಿಸಿ, ಇಳಿದಷ್ಟಕ್ಕೆ ಮತ್ತೆ ತುಂಬಬೇಕು. ನಮ್ಮವರು ಒಂದು ಸಲ ಗುಡಿಸಿ ಹೊರಟಿದ್ದರು, ನಿಲ್ಲಿಸಿ ಮಾಡಿಸಿದೆ. ಮಳೆ ಮುಗಿದ ಮೇಲೆ ಪಾಚಿ ತೆಗೆಯಲು ಪ್ರೆಶರ್ ವಾಷರ್ ಹಿಡಿಯುವುದಾದರೆ ನೇರ ಸಂದಿಗೆ ಹೊಡೆಯಬೇಡಿ, ಮರಳೆಲ್ಲ ಎದ್ದು ಬರುತ್ತದೆ. ಓರೆಯಾಗಿ ಹಿಡಿದು ತೊಳೆದು, ಒಣಗಿದ ಮೇಲೆ ಖಾಲಿಯಾದ ಕಡೆ ಮರಳು ತುಂಬಿಸಿ.